ರೋದಿಯೋನ್ ಸೋಲಬೇಕಿದ್ದ ಬೆಳಿಗ್ಗೆ

ರೋದಿಯೋನ್ ಚೆಪುರಿನ್‌ಗೆ ಮೂವತ್ತಾರು ವರ್ಷ, ಎತ್ತರ ಆರಡಿ ನಾಲ್ಕಿಂಚು, ಮುಂದಿನ ಹಲ್ಲುಗಳಲ್ಲಿ ಎರಡು ಕಟ್ಟಿಸಿದವು, ಮತ್ತು ಬದುಕಿನ ಬಹುಪಾಲನ್ನು ಅವನು ಹಿಂದಕ್ಕೆ ಜಾರುತ್ತಲೇ ಕಳೆದಿದ್ದಾನೆ. ಅವನ ಕೆಲಸವೇ ಅದು. ಐಸ್ ಹಾಕಿಯಲ್ಲಿ ಡಿಫೆನ್ಸ್‌ಮನ್ ಅಂದರೆ, ಎದುರಾಳಿ ಆ ಕಪ್ಪು ರಬ್ಬರ್ ಬಿಲ್ಲೆಯನ್ನು ತಳ್ಳಿಕೊಂಡು ನುಗ್ಗಿ ಬರುವಾಗ ಅವನ ಮುಖವನ್ನೇ ನೋಡುತ್ತಾ, ತನ್ನ ಗೋಲಿನ ಕಡೆಗೆ ಹಿಂದಕ್ಕೆ ಜಾರುತ್ತಾ, ದಾರಿ ಮುಚ್ಚುವವನು. ಗೋಲು ಹೊಡೆದವನ ಹೆಸರು ಬೋರ್ಡಿನಲ್ಲಿ ಬರುತ್ತದೆ, ತಡೆದವನದು ಬರುವುದಿಲ್ಲ. ಹತ್ತೊಂಬತ್ತು ವರ್ಷಗಳಲ್ಲಿ ರೋದಿಯೋನ್ ಹೊಡೆದ ಗೋಲು ಹನ್ನೊಂದು. ಹನ್ನೊಂದೂ ಅವನಿಗೆ ತಾರೀಕು ಸಮೇತ ಬಾಯಿಪಾಠ.

ಇದೆಲ್ಲ ನನಗೆ ಗೊತ್ತಾದದ್ದು ದುಬೈಯ ಒಂದು ರಿಂಕಿನಲ್ಲಿ, ಅಂದರೆ ಒಳಾಂಗಣದ ಐಸ್ ಅಂಗಳದಲ್ಲಿ. ಕಾಲೇಜಿಗೆ ರಜೆಯಿರುವ ದಿನ ಸಿಲಿಕಾನ್ ಓಯಸಿಸ್‌ನಿಂದ ಬಸ್ಸು ಹಿಡಿದು, ಸ್ವೆಟರನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ, ಅಲ್ಲಿ ಬಾಡಿಗೆ ಸ್ಕೇಟ್ ಕೊಡುವ ಪಾರ್ಟ್‌ಟೈಮ್ ಕೆಲಸ ಮಾಡುತ್ತೇನೆ. ನನ್ನ ಕೌಂಟರಿನ ಹಿಂದೆ ಸಾಣೆ ಕೋಣೆ. ಅಲ್ಲಿರುವವರು ಕೊರಗಪ್ಪಣ್ಣ. ಕರಾವಳಿಯ ಬೆಳ್ಮಣ್ಣಿನವರು, ಮೊದಲು ರಾಸ್ ಅಲ್ ಖೋರ್‌ನ ಗ್ಯಾರೇಜೊಂದರಲ್ಲಿ ಲೇತ್ ಮೆಶಿನಿನ ಉಳಿಗಳಿಗೆ ಸಾಣೆ ಹಿಡಿಯುತ್ತಿದ್ದವರು, ಹದಿನಾಲ್ಕು ವರ್ಷದಿಂದ ಸ್ಕೇಟಿನ ಅಲಗುಗಳಿಗೆ ಹಿಡಿಯುತ್ತಿದ್ದಾರೆ, ಆದರೆ ಒಂದು ಸಲವೂ ಐಸ್ ಮೇಲೆ ಕಾಲಿಟ್ಟವರಲ್ಲ. ಪ್ರಾಕ್ಟೀಸ್ ಮುಗಿದ ಮೇಲೆ ರೋದಿಯೋನ್ ಬಂದು ಕೂರುವುದು ಅವರ ಸ್ಟೂಲಿನ ಮೇಲೆ. ಇಬ್ಬರದೂ ಅರ್ಧ ಇಂಗ್ಲಿಷು, ಅರ್ಧ ಹಿಂದಿ, ಮೇಲೆ ಅವನು ಕಲಿತುಕೊಂಡ ‘ಅಣ್ಣ’, ‘ಮಾರಾಯ’. ನಾನು ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಉರಾಲ್ ಬೆಟ್ಟಗಳ ಹತ್ತಿರದ ಉಕ್ಕಿನ ಕಾರ್ಖಾನೆಯ ಊರು ಅವನದು. ಏಳನೆಯ ವಯಸ್ಸಿಗೆ ಗೋಲು ಹೊಡೆಯುವ ಆಸೆಯಿಂದ ರಿಂಕಿಗೆ ಹೋದ. ಕೋಚ್ ಅವನ ಆಟ ನೋಡಲಿಲ್ಲ, ಪಾದದ ಅಳತೆ ನೋಡಿ, ಇವನು ಉದ್ದ ಬೆಳೆಯುತ್ತಾನೆ, ಹಿಂದೆ ನಿಲ್ಲಲಿ ಅಂದ. ಅಂದಿನಿಂದ ಹಿಂದೆಯೇ. ಹದಿನೇಳಕ್ಕೆ ಮೊದಲ ಕಾಂಟ್ರ್ಯಾಕ್ಟ್, ಅದರ ಪ್ರಕಾರ ಇಪ್ಪತ್ತೆಂಟು ತುಂಬುವವರೆಗೆ ಅವನು ಎಲ್ಲಿ ಆಡಬೇಕು ಎನ್ನುವುದು ಕ್ಲಬ್ಬಿನ ಮರ್ಜಿ. ಇಪ್ಪತ್ತೆರಡರಲ್ಲಿ, ಮ್ಯಾಚಿಗೆಂದು ಟೀಮಿನ ಜೊತೆ ರೈಲಿನಲ್ಲಿ ಹೋಗುತ್ತಿರುವಾಗ, ಯಾವುದೋ ಸ್ಟೇಷನ್ನಿನಲ್ಲಿ ಮ್ಯಾನೇಜರ್ ಬಂದು ಎಬ್ಬಿಸಿ, ನಿನ್ನನ್ನು ಬೇರೆ ಕ್ಲಬ್ಬಿಗೆ ಕೊಟ್ಟಾಯಿತು, ಇಲ್ಲೇ ಇಳಿ ಅಂದನಂತೆ. ಬದಲಿಗೆ ಆ ಕ್ಲಬ್ಬಿನಿಂದ ಇಬ್ಬರು ಬಂದರಂತೆ. ರೋದಿಯೋನ್ ಹಿಮದಲ್ಲಿ ಚಪ್ಪಲಿ ಹಾಕಿಕೊಂಡೇ ಇಳಿದಿದ್ದ.

“ಒಬ್ಬನಿಗೆ ಇಬ್ಬರಾ? ಹಾಗಾದ್ರೆ ನಿಂಗೆ ಒಳ್ಳೆ ಡಿಮ್ಯಾಂಡ್ ಇತ್ತು ಮಾರಾಯ,” ಅಂದರು ಕೊರಗಪ್ಪಣ್ಣ.

“ಒಬ್ಬನಿಗೆ ಕಾಲು ಮುರಿದಿತ್ತು ಅಣ್ಣ.”

ಆಮೇಲೆ ನಾಲ್ಕು ಊರು, ಕಜಕಸ್ತಾನ, ಈಗ ನಾಲ್ಕು ವರ್ಷದಿಂದ ದುಬೈ. ಈ ಕ್ಲಬ್ಬಿನ ಕಾಂಟ್ರ್ಯಾಕ್ಟ್ ಮೇ ಕೊನೆಗೆ ಮುಗಿಯುತ್ತದೆ. ಅಬುಧಾಬಿಯಲ್ಲಿ ಚಿಕ್ಕ ಮಕ್ಕಳಿಗೆ ಐಸ್ ಹಾಕಿ ಕಲಿಸುವವರು ಅವನನ್ನು ಕರೆದಿದ್ದಾರೆ, ಆರೇಳು ವರ್ಷದ ಮಕ್ಕಳು, ಯಾರು ಮುಂದೆ ಯಾರು ಹಿಂದೆ ಎಂದು ಅವರಿಗೆ ಯಾರೂ ಹೇಳುವುದಿಲ್ಲ, ಮಕ್ಕಳೇ ಆರಿಸಿಕೊಳ್ಳಲಿ ಎನ್ನುವುದು ಅವನ ಆಸೆ. ಆ ಮಾತು ಬಂದಾಗಲೆಲ್ಲ ಅವನು ಸ್ಟೂಲಿನಲ್ಲಿ ಮುಂದಕ್ಕೆ ಬಾಗಿ ಕೂರುತ್ತಿದ್ದ. ಆದರೆ ಕಾಂಟ್ರ್ಯಾಕ್ಟಿನಲ್ಲಿ ಒಂದು ಸಾಲಿದೆ. ಕ್ಲಬ್ಬಿಗೆ ಬೇಕೆನಿಸಿದರೆ ಅವನನ್ನು ಇನ್ನೆರಡು ವರ್ಷ ಇಟ್ಟುಕೊಳ್ಳಬಹುದು, ಅವನ ಒಪ್ಪಿಗೆ ಬೇಕಿಲ್ಲ. ಬಿಟ್ಟುಬಿಡಿ ಎಂದು ಅವನು ಕೇಳಿಯೂ ನೋಡಿದ್ದ. ಮ್ಯಾನೇಜರ್ ಬೆನ್ನು ತಟ್ಟಿ, ನಿನ್ನಂಥವರು ಸಿಗುವುದಿಲ್ಲ ಅಂದುಬಿಟ್ಟಿದ್ದ. ಉಳಿದದ್ದು ಒಂದೇ ದಾರಿ. ತಿಂಗಳ ಕೊನೆಯ ಶನಿವಾರ ಹೊಸ ಕೋಚ್ ಎಲ್ಲರನ್ನೂ ಪರೀಕ್ಷಿಸುತ್ತಾನೆ, ಬೇಡ ಎಂದು ಅವನು ಬರೆದರೆ ರೋದಿಯೋನ್ ಸ್ವತಂತ್ರ. ಅಬುಧಾಬಿಯವರು ಅಲ್ಲಿಯವರೆಗೆ ಮಾತ್ರ ಕಾಯುತ್ತಾರೆ.

“ಸಿಂಪಲ್ ಅಲ್ವಾ, ಫೇಲ್ ಆಗಿಬಿಡಿ,” ಅಂದೆ ನಾನು. ಹದಿನೈದು ವರ್ಷ ಪಾಸಾಗುವುದನ್ನೇ ಕಲಿತವಳಿಗೆ ಅದು ನಿಜಕ್ಕೂ ಸುಲಭವಾಗಿ ಕಂಡಿತ್ತು.

“ಬಿದ್ರೆ ನಾಟಕ ಅಂತ ಗೊತ್ತಾಗ್ತದೆ,” ಅಂದ ರೋದಿಯೋನ್. “ನಿಧಾನ ಆಗ್ಬೇಕು. ಮುದುಕ ಆದ ಹಾಗೆ.” ಆಮೇಲೆ ಕೊರಗಪ್ಪಣ್ಣನ ಕಡೆ ತಿರುಗಿ, “ಅಣ್ಣ, ಆ ಶನಿವಾರದವರೆಗೆ ನನ್ನ ಸ್ಕೇಟಿಗೆ ಸಾಣೆ ಬೇಡ.”

“ಮೂರು ವಾರವಾ?”

“ಮೂರು ವಾರ.”

ಸ್ಕೇಟಿನ ಅಲಗಿನ ಎರಡೂ ಅಂಚು ಚೂಪಾಗಿದ್ದರೆ ಮಾತ್ರ ಅದು ಐಸನ್ನು ಕಚ್ಚುತ್ತದೆ, ಮೊಂಡಾದರೆ ತಿರುಗುವಾಗ ಕಾಲು ಹಾರುತ್ತದೆ, ಆಟಗಾರ ತಾನಾಗಿ ನಿಧಾನವಾಗುತ್ತಾನೆ. ಕೊರಗಪ್ಪಣ್ಣ ಒಪ್ಪಿದರು. ಒಪ್ಪಿದ ಮೇಲೆ ಅವರಿಗೆ ನೆಮ್ಮದಿಯಿಲ್ಲ. ರೋದಿಯೋನ್ ಪ್ರಾಕ್ಟೀಸ್ ಮಾಡುವಾಗ ಮೆಶಿನ್ ನಿಲ್ಲಿಸಿ, ಕಿಟಕಿಯ ಹತ್ತಿರ ನಿಂತು ಕಿವಿ ಕೊಡುತ್ತಿದ್ದರು.

“ಕೇಳ್ತದಾ ಅಶ್ಮಿತಾ? ಉಜ್ಜುವ ಸದ್ದು. ಐಸ್ ಕೊಯ್ತಾ ಇಲ್ಲ ಅದು, ಒರೆಸ್ತಾ ಉಂಟು.”

“ಅದೇ ಅಲ್ವಾ ಕೊರಗಪ್ಪಣ್ಣ ಬೇಕಾದ್ದು?”

“ಹೌದು. ಆದ್ರೆ ನೋಡಿದವ್ರು ಎಂತ ಹೇಳ್ತಾರೆ? ಇವನಿಗೆ ಸಾಣೆ ಹಿಡಿದವ ಯಾರು ಅಂತ ಕೇಳುದಿಲ್ವಾ?”

ಶನಿವಾರ ಬೆಳಿಗ್ಗೆ ಎಂಟಕ್ಕೆ ರೋದಿಯೋನ್ ಸ್ಕೇಟುಗಳನ್ನು ಕೊರಗಪ್ಪಣ್ಣನ ಮೇಜಿನ ಮೇಲಿಟ್ಟು ಲಾಕರ್ ರೂಮಿಗೆ ಹೋದ. ಅವನು ಯಾವತ್ತೂ ಹಾಗೇ ಇಡುವುದು, ಅವತ್ತೂ ಕೈ ತಾನಾಗಿ ಅಲ್ಲಿಟ್ಟಿತು. ನಾನು ಬಾಡಿಗೆ ಸ್ಕೇಟುಗಳ ಲೇಸು ಬಿಡಿಸುತ್ತಿದ್ದೆ. ಕೊರಗಪ್ಪಣ್ಣ ಒಂದನ್ನು ಎತ್ತಿ ಲೈಟಿಗೆ ಹಿಡಿದರು, ಹೆಬ್ಬೆರಳಿನ ಉಗುರನ್ನು ಅಂಚಿನ ಮೇಲೆ ಎಳೆದರು. ಹಿಮ್ಮಡಿಯ ಹತ್ತಿರ ಉಗುರು ನಿಂತಿತು. ಅಲ್ಲೊಂದು ಸಣ್ಣ ಮುಕ್ಕು. ಅವರು ಸ್ಕೇಟನ್ನು ಕೆಳಗಿಟ್ಟರು, ಚಾ ಕುಡಿದರು, ಕ್ಯಾಲೆಂಡರ್ ನೋಡಿದರು, ಮತ್ತೆ ಎತ್ತಿದರು. ಮೆಶಿನ್ ಶುರುವಾಯಿತು, ನಾನು ಕೈಯಲ್ಲಿದ್ದ ಲೇಸು ಬಿಡಿಸಿ ಏಳುವಷ್ಟರಲ್ಲಿ ಎರಡೂ ಅಲಗು ಮುಗಿದಿದ್ದವು. ಬಟ್ಟೆಯಿಂದ ಒರೆಸಿ ಜೋಡಿಯಾಗಿ ಇಟ್ಟರು, ನನ್ನ ಮುಖ ನೋಡಲಿಲ್ಲ.

ಐಸಿಗೆ ಇಳಿದ ಮೊದಲ ಹೆಜ್ಜೆಗೇ ರೋದಿಯೋನ್‌ಗೆ ಗೊತ್ತಾಯಿತು. ಅವನು ನಿಂತು ಸಾಣೆ ಕೋಣೆಯ ಕಿಟಕಿಯ ಕಡೆ ನೋಡಿದ. ಅಲ್ಲಿ ಕೊರಗಪ್ಪಣ್ಣ ಕಾಣಲಿಲ್ಲ, ಬಗ್ಗಿ ನೆಲ ಗುಡಿಸುತ್ತಿದ್ದರು.

ಆದರೂ ಸೋಲಬಹುದಿತ್ತು. ಪರೀಕ್ಷೆ ಅಂದರೆ ನುಗ್ಗಿ ಬರುವ ಒಬ್ಬನನ್ನು ಐದು ಸಲ ಒಬ್ಬನೇ ತಡೆಯುವುದು. ಎದುರಿಗೆ ಶಾನ್, ಅಲ್ ಬರ್ಷಾದ ಹುಡುಗ, ಗೋಲು ಹೊಡೆಯುವ ಫಾರ್ವರ್ಡ್‌ಗಳಲ್ಲಿ ಟೀಮಿನಲ್ಲೇ ಅತಿ ವೇಗದವನು. ಮೊದಲನೆಯ ಸಲ ರೋದಿಯೋನ್ ಅರ್ಧ ಹೆಜ್ಜೆ ತಡವಾಗಿ ತಿರುಗಿದ, ಶಾನ್ ದಾಟಿ ಗೋಲು ಹೊಡೆದ. ಎರಡನೆಯ ಸಲವೂ ಹಾಗೇ. ಕೋಚ್ ಏನೋ ಬರೆದುಕೊಂಡ. ನಾನು ಕೌಂಟರಿನ ಕೆಳಗೆ ಎರಡೂ ಕೈಯ ಬೆರಳು ಬಿಗಿಹಿಡಿದು ನಿಂತಿದ್ದೆ, ಇನ್ನು ಮೂರೇ ಸಲ, ಅಬುಧಾಬಿಗೆ ಇನ್ನು ಮೂರೇ ಸಲ. ಮೂರನೆಯ ಸಲ ಶಾನ್ ನಡುಗೆರೆ ದಾಟುವಾಗ ತಲೆ ತಗ್ಗಿಸಿ ಬಿಲ್ಲೆಯನ್ನು ನೋಡಿದ. ಒಂದು ಕ್ಷಣ, ಅಷ್ಟೇ. ಎದುರಾಳಿ ತಲೆ ತಗ್ಗಿಸುವ ಆ ಒಂದು ಕ್ಷಣಕ್ಕಾಗಿ ರೋದಿಯೋನ್ ಏಳನೆಯ ವಯಸ್ಸಿನಿಂದ ಕಾದವನು. ಅಲಗು ಐಸನ್ನು ಕಚ್ಚಿತು, ಭುಜ ಮುಂದೆ ಬಂತು, ಶಾನ್ ರಿಂಕಿನ ಅಂಚಿನ ಗೋಡೆಗೆ ಒರಗಿ ಕೂತಿದ್ದ, ಬಿಲ್ಲೆ ರೋದಿಯೋನ್‌ನ ಕೋಲಿನ ತುದಿಯಲ್ಲಿ ಅಲ್ಲಾಡದೆ ನಿಂತಿತ್ತು. ಅವನು ಅದನ್ನು ಯಾರದೋ ವಸ್ತುವಿನ ಹಾಗೆ ನೋಡುತ್ತಿದ್ದ.

ನಾಲ್ಕನೆಯ, ಐದನೆಯ ಸಲವೂ ಶಾನ್ ದಾಟಲಿಲ್ಲ.

“ಮೊದಲೆರಡು ವಾರ್ಮ್‌ಅಪ್ ಅಂತ ಗೊತ್ತಾಯ್ತು,” ಎಂದು ಕೋಚ್ ನಕ್ಕು ಪುಟ ತಿರುಗಿಸಿದ.

ಮಧ್ಯಾಹ್ನ ಆಫೀಸಿನ ಒಲಿಂಡಾ ಆಂಟಿ ಕಾಗದ ಹಿಡಿದುಕೊಂಡು ಸಾಣೆ ಕೋಣೆಗೇ ಬಂದರು. “ರೋದಿಯೋನ್, ಕಂಗ್ರಾಟ್ಸ್. ಎರಡು ವರ್ಷ ಎಕ್ಸ್‌ಟೆನ್ಷನ್. ವೀಸಾಕ್ಕೆ ಫೋಟೋ ಬೇಕು, ವೈಟ್ ಬ್ಯಾಕ್‌ಗ್ರೌಂಡ್. ಫೋಟೋದಲ್ಲಿ ನಗ್ಲಿಕ್ಕಿಲ್ಲ, ಆಯ್ತಾ?”

“ಅದು ಕಷ್ಟ ಇಲ್ಲ,” ಅಂದ ರೋದಿಯೋನ್.

ಅವರು ಹೋದ ಮೇಲೆ ಕೊರಗಪ್ಪಣ್ಣ ಬಟ್ಟೆಯನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು.

“ಮುಕ್ಕು ಕಾಣ್ತಿತ್ತು ಮಾರಾಯ,” ಅಂದರು ಕೊನೆಗೆ. “ಕಲ್ಲಿಗೆ ಒಂದೇ ಸಲ ಮುಟ್ಟಿಸಿದ್ದು.”

“ನಾನೂ ಒಂದೇ ಸಲ ತಡೀತೇನೆ ಅಂದ್ಕೊಂಡೆ ಅಣ್ಣ.”

ಮೇಜಿನ ಮೇಲೆ ಅವನ ಫೋನು ಗುರುಗುಟ್ಟಿತು. ಅಬುಧಾಬಿಯ ನಂಬರು. ರೋದಿಯೋನ್ ಅದನ್ನು ನೋಡಿದ, ಚೀಲದಿಂದ ಸ್ಕೇಟುಗಳನ್ನು ತೆಗೆದು ಫೋನಿನ ಪಕ್ಕ ಇಟ್ಟ.

“ನಾಳೆ ಪ್ರಾಕ್ಟೀಸ್ ಉಂಟು,” ಅಂದ.

ಕೊರಗಪ್ಪಣ್ಣ ಎಡಗಾಲಿನದನ್ನು ಲೈಟಿಗೆ ಹಿಡಿದು, ಉಗುರಿನಿಂದ ಅಂಚು ನೋಡಿ, ಮೆಶಿನ್ ಹಾಕಿದರು. ಕಿಡಿ ಹಾರುತ್ತಿದ್ದಷ್ಟು ಹೊತ್ತು ಫೋನಿನ ಸದ್ದು ನಮಗೆ ಕೇಳಲಿಲ್ಲ. ಅವರು ಬೇಕೆಂದೇ ನಿಧಾನ ಮಾಡಿದರು.