ಹಲಸಿನ ಹಣ್ಣನ್ನು ಹಿಂದೆ ಕೂರಿಸಿಕೊಂಡು ಹೋದ ತಾತ

ಮೊನ್ನೆ ನಿಮ್ಮಲ್ಲಿ ಚಿಕ್ಕವಳು ನೋಟ್ಬುಕ್ಕು ಹಿಡಿದುಕೊಂಡು ಬಂದು, "ಅಜ್ಜಿ, ತಾತನ ಹೆಸರು ಹೇಳು, ಬರ್ಕೋಬೇಕು" ಅಂದಳು. ನಾನು ಒಳಗೆ ಹೋಗಿ ರೇಷನ್ ಕಾರ್ಡು ತಂದು ಅವಳ ಕೈಗಿಟ್ಟೆ. ನೀವೆಲ್ಲ ಬಿದ್ದು ಬಿದ್ದು ನಕ್ಕಿರಿ. ಗಂಡನ ಹೆಸರು ಬಾಯಲ್ಲಿ ಹೇಳಿದರೆ ಅವನ ಆಯಸ್ಸು ಕಮ್ಮಿಯಾಗುತ್ತೆ ಅಂತ ನಮ್ಮವ್ವ ಕಲಿಸಿದ್ದರು. ಆದರೂ ನಾನು ಒಂದು ಸಲ ಹೇಳಿದ್ದೇನೆ, ಅದೂ ಮೈಕಿನಲ್ಲಿ. ನಿಮ್ಮೆದುರು ಕೂತು ಹೇಳೋಕೆ ನಾಚಿಕೆ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ತಾತ ಹೊಸೂರಿನ ಫ್ಯಾಕ್ಟರಿಯಲ್ಲಿ ಲಾರಿಗಳಿಗೆ ಬೋಲ್ಟು ಬಿಗಿಯುತ್ತಿದ್ದವರು. ಅವರು ಬಿಗಿದ ಲಾರಿಗಳು ದೇಶವೆಲ್ಲ ಸುತ್ತಿದವು. ಅವರು ಮಾತ್ರ ಮತ್ತಿಗಿರಿ ಮನೆಯಿಂದ ಫ್ಯಾಕ್ಟರಿಗೆ, ಫ್ಯಾಕ್ಟರಿಯಿಂದ ಮನೆಗೆ. ರಿಟೈರಾದ ವರ್ಷ ಒಂದು ಬೆಳಿಗ್ಗೆ, "ಬಸ್ಸಿನ ಬೋರ್ಡಲ್ಲಿ ಊರಿನ ಹೆಸರು ಓದಿ ಓದಿ ಸಾಕಾಯ್ತು ಕಣೇ. ಆ ಊರುಗಳು ನಿಜವಾಗ್ಲೂ ಅವೆಯಾ ಅಂತ ನೋಡ್ಕಂಡು ಬರಾಣ, ಹೊರಡು" ಅಂದರು. ಹಳೇ ಮೊಪೆಡ್ಡಿನಲ್ಲಿ ಡೆಂಕಣಿಕೋಟೆ ದಾಟಿ, ಘಾಟಿ ಇಳಿದು, ಅಂಚೆಟ್ಟಿಯಲ್ಲಿ ದೂರದ ನೆಂಟರ ಮನೆಯಲ್ಲಿ ಉಳಿದೆವು. ಮಾರನೇ ದಿನ ಅಲ್ಲಿಂದಾಚೆ, ಕಾಡಿನ ಅಂಚಿನ ಸಣ್ಣ ಸಣ್ಣ ಊರುಗಳು.

ಗಾಡಿಯಲ್ಲಿ ನಮ್ಮ ಪದ್ಧತಿ ಏನೆಂದರೆ, ಅವರು ಮಾತಾಡುವುದು, ನಾನು ಸುಮ್ಮನೆ ಕೂರುವುದು. ಅವರಿಗೆ ಉತ್ತರ ಬೇಕಾಗಿಯೂ ಇರಲಿಲ್ಲ. ಪ್ರಶ್ನೆ ಕೇಳಿ, ತಾವೇ ಉತ್ತರ ಹೇಳಿ, ಆ ಉತ್ತರ ಸರಿಯಿಲ್ಲ ಅಂತ ನನ್ನ ಮೇಲೆ ರೇಗುತ್ತಿದ್ದರು.

ಒಂದು ಊರಿನಲ್ಲಿ ಟೀ ಅಂಗಡಿ ಮುಂದೆ ಹಲಸಿನ ಹಣ್ಣು ಮಾರುತ್ತಿದ್ದರು. ಆಡಿ ತಿಂಗಳು, ಅಂದರೆ ನಮ್ಮ ಆಷಾಢ, ಹಲಸು ಮುಗಿಯುತ್ತಾ ಬಂದ ಕಾಲ. ಒಂದು ವರ್ಷದ ಮಗುವಿನಷ್ಟು ದಪ್ಪದ್ದನ್ನು ಆರಿಸಿ, ನನ್ನ ಸೀಟಿನ ಹಿಂದಿನ ಕ್ಯಾರಿಯರಿಗೆ ಹಗ್ಗದಲ್ಲಿ ಬಿಗಿದರು. ಎತ್ತಿ ಕೊಟ್ಟ ನನ್ನ ಕೈಗೆಲ್ಲ ಅಂಟು. ತೊಳೆಯೋಣ ಅಂತ ಅಂಗಡಿ ಪಕ್ಕದ ನಲ್ಲಿಗೆ ಹೋದೆ. ಹೋಗುತ್ತೇನೆ ಅಂತ ಹೇಳಲಿಲ್ಲ, ನಾನು ಯಾವತ್ತು ಹೇಳಿದ್ದೆ? ತಿರುಗಿ ನೋಡಿದರೆ ಮೊಪೆಡ್ಡು ಹೊರಟೇಬಿಟ್ಟಿದೆ. ಹಿಂದಿನ ಭಾರ ನಾನೇ ಅಂದುಕೊಂಡು, ಕತ್ತು ಒಂದು ಕಡೆ ವಾಲಿಸಿ, ಕೈ ಆಡಿಸಿಕೊಂಡು, ನಿಮ್ಮ ತಾತ ಹಲಸಿನ ಹಣ್ಣಿನ ಜೊತೆ ಮಾತಾಡುತ್ತಾ ಬೆಟ್ಟದ ರಸ್ತೆ ಹತ್ತಿದರು.

ಆಗಲೇ ಕೂಗಿದ್ದರೆ ಕೇಳುತ್ತಿತ್ತು. ಅಂಗಡಿ ಬೆಂಚಿನ ಮೇಲೆ ಏಳೆಂಟು ಜನ ಗಂಡಸರಿದ್ದರು. ಅವರ ಮುಂದೆ ಬಾಯಿ ತೆಗೆಯಲು ಸಂಕೋಚವಾಗಿ ಸೆರಗಿನಲ್ಲಿ ಕೈ ಒರೆಸುತ್ತಾ ನಿಂತೆ. ನಿಮ್ಮ ತಾತನ ಫೋನು ನನ್ನ ಕೈಚೀಲದಲ್ಲೇ ಇತ್ತು. ಗೊತ್ತಾದಾಗ ತಾವೇ ಬರುತ್ತಾರೆ, ಅಷ್ಟರಲ್ಲಿ ಒಂದು ಟೀ ಕುಡಿಯೋಣ ಅಂದುಕೊಂಡೆ.

ಅಷ್ಟರಲ್ಲಿ ಕಾಲುದಾರಿಯಲ್ಲಿ ದನ ಹೊಡೆದುಕೊಂಡು ಒಬ್ಬಾತ ಓಡೋಡಿ ಬಂದ. "ಯಾರೂ ಮೇಲಕ್ಕೆ ಹೋಗ್ಬ್ಯಾಡಿ! ಮೂರನೇ ತಿರುವಲ್ಲಿ ಆನೆ ಮರಿ ಹಾಕ್ಕಂಡು ನಿಂತದೆ!"

ಅಂಗಡಿಯಾಕೆ ನನ್ನ ಕಡೆ ನೋಡಿದಳು. "ಅಕ್ಕಾ, ಈಗ ಹೋದ್ರಲ್ಲ, ನಿಮ್ಮ ಯಜಮಾನ್ರಾ?"

ತಲೆಯಾಡಿಸಿದೆ.

"ಹಲಸಿನ ಹಣ್ಣು ಕಟ್ಕಂಡು?"

ಮತ್ತೆ ತಲೆಯಾಡಿಸಿದೆ. ಬೆಂಚಿನ ಮೇಲಿದ್ದವರೆಲ್ಲ ಎದ್ದು ನಿಂತರು. ಹಲಸಿನ ವಾಸನೆಗೆ ಆನೆ ಎಷ್ಟು ದೂರದಿಂದಲಾದರೂ ಬರುತ್ತದಂತೆ. ಮೇಲಿನಿಂದ ಮೊಪೆಡ್ಡಿನ ಸದ್ದು ಇನ್ನೂ ಕೇಳುತ್ತಿತ್ತು, ಕೆಮ್ಮು ಹಿಡಿದವರು ಮೆಟ್ಟಿಲು ಹತ್ತಿದ ಹಾಗೆ.

ಎದುರಿಗೇ ಮಾರಮ್ಮನ ಗುಡಿ. ಆಡಿ ತಿಂಗಳ ಅಂಬಲಿ ಪೂಜೆಗೆ ಬೇವಿನ ಮರಕ್ಕೆ ಮೈಕಿನ ಹಾರನ್ನು ಕಟ್ಟಿದ್ದರು, ಅದರ ಬಾಯಿ ಬೆಟ್ಟದ ಕಡೆಗೇ ಇತ್ತು. ವಯಸ್ಸಾದ ಪೂಜಾರಿ ಓಡಿಹೋಗಿ, "ಮೊಪೆಡ್ಡಲ್ಲಿ ಹೋಗೋರು ವಾಪಸ್ ಬನ್ನಿ" ಅಂತ ಕನ್ನಡದಲ್ಲಿ, ತಮಿಳಿನಲ್ಲಿ, ತೆಲುಗಿನಲ್ಲಿ ಕೂಗಿದರು. ಹಾಲಿನ ಕ್ಯಾನಿನವನೊಬ್ಬ ಬಂದ. ಕಾಲ ನಡುವೆ ಆಡು ನಿಲ್ಲಿಸಿಕೊಂಡು ಇನ್ನೊಬ್ಬ ಬಂದ. ಹೊಲದ ಕಡೆಯಿಂದ ಮೂರನೆಯವನು ಬಂದು ಏನಾಯ್ತು ಅಂದ. ಆ ಊರಿನಲ್ಲಿ ಎಲ್ಲರದೂ ಮೊಪೆಡ್ಡೇ. ನಿಮ್ಮ ತಾತ ಮಾತ್ರ ಬರಲಿಲ್ಲ. ತಾನು ಪರವೂರಿನವನು, ತನ್ನನ್ನು ಯಾರು ಕರೆದಾರು ಅಂತ ಅವರ ಲೆಕ್ಕ.

"ಹೆಸರು ಹೇಳಮ್ಮಾ" ಅಂದರು ಪೂಜಾರಿ.

ನಾನು ನೆಲ ನೋಡಿದೆ. ಅಂಗಡಿಯಾಕೆಗೆ ಅರ್ಥವಾಯಿತು. "ದೇವರ ಹೆಸರಾ ಅಕ್ಕ?"

ಹೂಂ ಅಂದೆ.

"ಬೆಟ್ಟದ ಮೇಲಿರೋ ದೇವರಾ, ಕೆಳಗಿರೋ ದೇವರಾ?"

ಪೂಜಾರಿ ತಲೆ ಚಚ್ಚಿಕೊಂಡರು. "ಯವ್ವಾ, ನೀವು ದೇವರು ಹುಡುಕೋ ತನಕ ಆನೆ ಕಾಯ್ಕಂಡು ನಿಂತಿರಲ್ಲ!" ಅಂದು ಮೈಕನ್ನೇ ನನ್ನ ಕೈಗೆ ಕೊಟ್ಟರು.

ಮೊದಲು ಮನೆಯಲ್ಲಿ ಕರೆಯುವ ಹಾಗೇ ಕರೆದೆ. "ಇಗಾ, ಏನಂದ್ರೆ..." ಊರೆಲ್ಲ ಕೇಳಿಸಿತು. ಸುತ್ತ ನಿಂತ ಗಂಡಸರಲ್ಲಿ ಅರ್ಧ ಜನ ಅವರವರ ಮನೆ ಕಡೆ ತಿರುಗಿದರು. ಮೊಪೆಡ್ಡಿನ ಸದ್ದು ನಿಲ್ಲಲಿಲ್ಲ. ಎರಡನೇ ತಿರುವು ದಾಟುತ್ತಿದೆ ಅಂದ ದನದವನು.

ಹೆಸರು ಹೇಳಿದರೆ ಆಯಸ್ಸು ಕಮ್ಮಿ. ಹೇಳದಿದ್ದರೆ ಆಯಸ್ಸು ಮೂರನೇ ತಿರುವಿನವರೆಗೆ. ಕಣ್ಣು ಮುಚ್ಚಿ, ಮಾರಮ್ಮನಿಗೆ ತಪ್ಪುಕಾಣಿಕೆ ಹೇಳಿಕೊಂಡು ಕೂಗಿಬಿಟ್ಟೆ. ಪೂರ್ತಿ ಹೆಸರು, ಅವರಪ್ಪನ ಹೆಸರು ಸೇರಿಸಿ. ಬೆಟ್ಟ ಅದನ್ನೇ ನನಗೆ ತಿರುಗಿ ಹೇಳಿತು. ನಾಚಿಕೆಯಲ್ಲಿ ಮೈಕು ಆರಿಸುವುದು ಮರೆತು, "ಅಯ್ಯೋ, ನಮ್ಮವ್ವ ಕೇಳಿದ್ರೆ ಸಾಯಿಸಿಬಿಡ್ತಾಳೆ" ಅಂದದ್ದೂ ಬೆಟ್ಟಕ್ಕೆ ಕೇಳಿಸಿತು.

ಮೊಪೆಡ್ಡಿನ ಸದ್ದು ನಿಂತಿತು.

ಆಮೇಲೆ ಏನೂ ಇಲ್ಲ. ಹಾಲಿನವನು ಕ್ಯಾನು ಕೆಳಗಿಡುವುದನ್ನೂ ಮರೆತು ನಿಂತಿದ್ದ. ನಾನು ಗುಡಿಯ ಕಟ್ಟೆಯ ಮೇಲೆ ಕೂತೆ. ಎಷ್ಟು ಹೊತ್ತೋ ಗೊತ್ತಿಲ್ಲ. ಕೊನೆಗೆ ಟಯರು ಉಜ್ಜುವ ಸದ್ದು ಕೇಳಿತು. ಇಂಜಿನ್ನೂ ಹಾಕದೆ, ಇಳಿಜಾರಿನಲ್ಲಿ ಸುಮ್ಮನೆ ಜಾರಿಸಿಕೊಂಡು ಬಂದರು. ಮುಖ ಬೆಳ್ಳಗಾಗಿತ್ತು. ಮೂರನೇ ತಿರುವಿನಲ್ಲಿ ಬಿದಿರು ಅಲ್ಲಾಡುವುದು ಕಾಣುವಷ್ಟು ಹತ್ತಿರ ಹೋಗಿದ್ದರಂತೆ.

ಆದರೂ ಗಾಡಿ ನಿಲ್ಲಿಸಿ ಕೇಳಿದ ಮೊದಲ ಮಾತು, "ನನ್ನ ಹೆಸರು ಕೂಗಿದ್ದು ಯಾರು?"

"ನಿಮ್ಮ ಮನೆಯವ್ರೇ ಕಣಣ್ಣ" ಅಂದಳು ಅಂಗಡಿಯಾಕೆ.

"ಇವಳಾ? ಸುಮ್ನಿರವ್ವಾ, ಇವಳ ಬಾಯಲ್ಲಿ?" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಸೊಂಟ ನೋಯ್ತಾ ಅಂತ ಮೂರು ಸಲ ಕೇಳ್ದೆ ಕಣೇ. ಮಾತಾಡ್ಲಿಲ್ಲ. ಕೋಪ ಬಂದದೆ ಅಂದ್ಕಂಡೆ."

ಹಲಸಿನ ಹಣ್ಣನ್ನು ಅಲ್ಲೇ ಕೊಯ್ಯಿಸಿ ಊರಿಗೆಲ್ಲ ಹಂಚಿದರು. ಅಂಟಿಗೆ ಎಣ್ಣೆ ಹಚ್ಚಿಕೊಳ್ಳುತ್ತಾ ಎಲ್ಲರೂ ನನ್ನನ್ನೇ ನೋಡಿ ನಗುತ್ತಿದ್ದರು. ಆನೆ ಒಳಗೆ ಸರಿದ ಮೇಲೆ ಬಸ್ಸಿನ ಹಿಂದೆ ಹಿಂದೆಯೇ ಘಾಟಿ ಹತ್ತಿದೆವು. ಒಂದೊಂದು ತಿರುವಿಗೂ "ಇದೀಯೇನೇ?" ಅನ್ನುವರು. ನಾನು "ಇದೀನಿ" ಅನ್ನಬೇಕು. ಮನೆ ತಲುಪುವ ಹೊತ್ತಿಗೆ ನನಗೆ ಮಾತಾಡುವುದು ಸ್ವಲ್ಪ ಅಭ್ಯಾಸವಾಗಿತ್ತು.

ಆಮೇಲೆ ಅವರು ಹತ್ತು ವರ್ಷ ಗಟ್ಟಿಯಾಗಿಯೇ ಇದ್ದರು. ಕೊನೆಕೊನೆಗೆ ಕಿವಿ ಮಂದವಾಯಿತು. ನಾನು "ಇಗಾ" ಅಂತ ತೋಳು ಮುಟ್ಟಿ ಕರೆದರೆ, "ಸರಿಯಾಗಿ ಕೇಳಿಸ್ತಿಲ್ಲ, ಮೈಕು ತರಿಸ್ಲಾ?" ಅನ್ನುತ್ತಿದ್ದರು. ಇನ್ನೊಂದು ಸಲ ಆ ಹೆಸರು ನನ್ನ ಬಾಯಲ್ಲಿ ಕೇಳಬೇಕು ಅಂತ ಅವರಿಗಿತ್ತು. ನಾನು ಹೇಳಲಿಲ್ಲ. ಆಯಸ್ಸಿನ ವಿಷಯದಲ್ಲಿ ಎರಡೆರಡು ಸಲ ಧೈರ್ಯ ಮಾಡೋಕಾಗುತ್ತಾ?

ಈಗ ಹೇಳಿದರೆ ಕಮ್ಮಿಯಾಗುವುದು ಏನೂ ಇಲ್ಲ, ಗೊತ್ತು. ಆದರೂ ಇಲ್ಲಿ ಬರೆಯಲಾರೆ. ರೇಷನ್ ಕಾರ್ಡು ಸಾಲದಿದ್ದರೆ ಆ ಊರಿಗೆ ಹೋಗಿ ಟೀ ಅಂಗಡಿಯಲ್ಲಿ ಕೇಳಿ. ಆನೆಗೂ ಗೊತ್ತಿರುತ್ತದೆ.