ಮಾವನವರ ಗಾಜಿನ ತೊಟ್ಟಿ

ನಮ್ಮ ಮಾವನವರು ಪೇಪರನ್ನೂ ನಡೆಯುತ್ತಲೇ ಓದುತ್ತಿದ್ದರು. ಪಡಸಾಲೆಯ ಈ ಗೋಡೆಯಿಂದ ಆ ಗೋಡೆಗೆ ಹೋಗುವಷ್ಟರಲ್ಲಿ ಒಂದು ಸುದ್ದಿ, ತಿರುಗಿ ಬರುವಷ್ಟರಲ್ಲಿ ಇನ್ನೊಂದು. ಎಪ್ಪತ್ತರ ದಶಕದ ಕೊನೆಗೆ ನಾನು ಸೊಸೆಯಾಗಿ ಆದೋನಿಗೆ ಬಂದ ಮೊದಲ ದಿನವೇ ಅತ್ತೆ ಎಚ್ಚರಿಸಿದ್ದರು: "ಅವರ ಹಿಂದ ಕಾಫಿ ಹಿಡಕೊಂಡು ತಿರುಗಬ್ಯಾಡ, ನಿನ್ನ ಕಾಲು ಬಿದ್ದುಹೋಗ್ತಾವ. ಕಿಟಕ್ಯಾಗ ಇಡು, ಬಂದಾಗ ಕುಡೀತಾರ."

ಮಾವ ಶ್ರೀನಿವಾಸರಾಯರು ಊರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. ಅವರು ತುಸು ಹೊತ್ತಾದರೂ ನಿಲ್ಲುತ್ತಿದ್ದುದು ಪಡಸಾಲೆಯ ಮೂಲೆಯಲ್ಲಿದ್ದ ಗಾಜಿನ ತೊಟ್ಟಿಯ ಮುಂದೆ. ಕಬ್ಬಿಣದ ಚೌಕಟ್ಟು, ತಳದಲ್ಲಿ ಹಳ್ಳದ ಮರಳು, ಮರಳಿನಲ್ಲಿ ಸಾಲಾಗಿ ನೆಟ್ಟ ನೀರುಹುಲ್ಲು. ಹುಲ್ಲಿನ ನಡುವೆ ಕಾಲುವೆಯಿಂದ ತಂದ ನಲವತ್ತರಷ್ಟು ಪುಟ್ಟ ಸಿಗಡಿಗಳು. ಮೈ ಎಷ್ಟು ತೆಳುವೆಂದರೆ ತಿಂದದ್ದು ಹೊಟ್ಟೆಗಿಳಿಯುವುದೂ ಕಾಣುತ್ತಿತ್ತು. "ಮಾಧ್ವುಲ ಇಂಟ್ಲೋ ರೊಯ್ಯಲಾ?" ಮಾಧ್ವರ ಮನೆಯಲ್ಲಿ ಸಿಗಡಿಯೇ ಎಂದು ಅತ್ತೆ ತೆಲುಗಿನಲ್ಲಿ ಬೈಯುತ್ತಿದ್ದರು. ನಮ್ಮ ಮನೆಯಲ್ಲಿ ಬೈಗುಳಕ್ಕೆ ತೆಲುಗೇ ಆಗಬೇಕು. ಮಾವ, "ತಿನ್ನಲಿಕ್ಕಲ್ಲ, ನೋಡಲಿಕ್ಕೆ. ನೋಡೋದಕ್ಕ ಎಲ್ಲಿ ಮೈಲಿಗಿ?" ಎಂದು ನಡೆದುಬಿಡುತ್ತಿದ್ದರು.

ಆ ತೊಟ್ಟಿಗೆ ಇನ್ನೊಬ್ಬ ಭಕ್ತರಿದ್ದರು, ಹತ್ತಿ ವ್ಯಾಪಾರಿ ಬಸಣ್ಣ. ಮಾವನ ಜೊತೆ ಒಂದನೇ ಇಯತ್ತೆಯಿಂದ ಓದಿದವರು. ಸಂಜೆಯಾದರೆ ಬಂದು ತೊಟ್ಟಿಯ ಮುಂದೆ ಸ್ಟೂಲು ಹಾಕಿ ಕೂಡುವರು. ಒಮ್ಮೆ ಮರಳ ಮೇಲೆ ಬೆಳ್ಳಗೆ ಬಿದ್ದಿದ್ದನ್ನು ನೋಡಿ, "ಸೀನಾ, ಒಂದು ಸತ್ತೈತಲೋ" ಎಂದು ಮುಖ ಚಿಕ್ಕದು ಮಾಡಿಕೊಂಡರು. "ಸತ್ತಿಲ್ಲ ಮಾರಾಯ, ಅಂಗಿ ಬಿಚ್ಚಿ ಒಗದದ. ಬೆಳದರ ಹಳೇ ಅಂಗಿ ಹಿಡಸ್ತದೇನು?" ಎಂದರು ಮಾವ. ಆಮೇಲೆ ಸಿಗಡಿ ಪೊರೆ ಬಿಟ್ಟಾಗಲೆಲ್ಲ ಬಸಣ್ಣನಿಗೆ ಹೇಳಿಕಳಿಸಬೇಕಾಗುತ್ತಿತ್ತು. ಅವರು ಅಂಗಡಿಯಲ್ಲಿ ಗಿರಾಕಿಯನ್ನು ಬಿಟ್ಟು ಬರುವರು.

ನಾನು ಬಂದ ಮರುವರ್ಷ ಮಾವ ಮೂರು ದಿನ ಪತ್ತಿಕೊಂಡಕ್ಕೆ ಹೋಗಬೇಕಾಯಿತು. "ಬ್ಯಾಸಗಿ ಅದ, ನೀರು ಇಳೀತದ. ದಿನಾ ಎರಡು ಚರಿಗಿ ಬಾವಿನೀರು ಹಾಕಮ್ಮ," ಎಂದು ನಾಲ್ಕು ಸಲ ಹೇಳಿ ಹೋದರು. ನನಗೋ ಅವರ ಮೆಚ್ಚುಗೆ ಗಳಿಸುವ ಹುಚ್ಚು. ಬಾವಿಕಟ್ಟೆಯಲ್ಲಿ ಮುಸುರೆ ಪಾತ್ರೆ ಬಿದ್ದಿತ್ತು. ಆ ನೀರು ಯಾಕೆ, ಇವಕ್ಕೆ ಒಳ್ಳೆಯದನ್ನೇ ಕೊಡೋಣ ಎಂದುಕೊಂಡೆ. ದೇವರ ಕೋಣೆಯ ಮಗ್ಗುಲಲ್ಲಿ ಮಡಿನೀರಿನ ತಾಮ್ರದ ಹಂಡೆಯಿತ್ತು, ಹುಣಸೆಹಣ್ಣು ಹಚ್ಚಿ ಥಳಥಳ ತಿಕ್ಕಿದ್ದು. ನಮ್ಮ ಮನೆಗಳಲ್ಲಿ ತಾಮ್ರದಲ್ಲಿ ನಿಂತ ನೀರಿಗಿಂತ ಶುದ್ಧವಾದದ್ದು ಯಾವುದಿದೆ? ಅತ್ತೆ ನೋಡದಂತೆ ಅದನ್ನೇ ತುಂಬಿ ತುಂಬಿ ಸುರಿದೆ. ಮೂರನೆಯ ದಿನ ಸಿಗಡಿಗಳೆಲ್ಲ ಕೆಂಪಗಾಗಿ ಮರಳ ಮೇಲೆ ಬಿದ್ದಿದ್ದವು.

ಮಾವ ಚೀಲ ಕೈಯಲ್ಲಿ ಹಿಡಿದೇ ತೊಟ್ಟಿ ನೋಡಿದರು. "ನೀರು ಹಾಕಿದ್ಯೇನಮ್ಮ?" ಎಂದರು. "ಹಾಕೀನಿ ಮಾವ, ಛಲೋ ನೀರೇ," ಎಂದೆ. ಸುಳ್ಳೆಂದು ನನಗೂ ಗೊತ್ತಿರಲಿಲ್ಲ. ಅವರು ಪಡಸಾಲೆಯಲ್ಲಿ ಹತ್ತು ಸುತ್ತು ಹಾಕಿರಬೇಕು. ಹಿಂದಿನ ವಾರ ಬಸಣ್ಣ ತಮ್ಮ ಹತ್ತಿಹೊಲದ ಬದಿಯ ಕಾಲುವೆಯಿಂದ ಹೊಸ ಹುಲ್ಲು ತಂದುಕೊಟ್ಟಿದ್ದರು. ಸಂಜೆ ಬಸಣ್ಣ ಬಂದಾಗ ಮಾವ ಬಾಗಿಲಲ್ಲೇ ತಡೆದರು: "ಹೊಲಕ್ಕ ಔಷಧ ಹೊಡಿಸಿ, ಅದೇ ಹುಲ್ಲು ನನಗ ಕೊಟ್ಟಿ."

"ನಾ ಹೊಡಿಸಿಲ್ಲೋ ಸೀನಾ. ಹತ್ತಿ ಬಿಡಿಸಿ ಎರಡು ತಿಂಗಳಾತು, ಬರೇ ಹೊಲಕ್ಕ ಯಾರರೆ ಔಸದ ಹೊಡಿತಾರೇನು?"

"ವ್ಯಾಪಾರಸ್ಥನ ಮಾತು ನಂಬಬೇಕೇನು ನಾನು?"

ಬಸಣ್ಣ ಹೆಗಲ ವಲ್ಲಿ ಸರಿಮಾಡಿಕೊಂಡು ಹೊರಟುಹೋದರು. ಮತ್ತೆ ಬರಲಿಲ್ಲ. ಮಾವನೂ ಕರೆಯಲಿಲ್ಲ. ಬಜಾರಿನಲ್ಲಿ ಎದುರಾದರೆ ಇವರು ಈ ಬದಿ, ಅವರು ಆ ಬದಿ.

ನಾಲ್ಕು ತಿಂಗಳಾದ ಮೇಲೆ ಕಾಲೇಜಿನ ಹುಡುಗರು ಮನೆಗೆ ಬಂದಿದ್ದರು. ನಾನು ಕಾಫಿ ತೆಗೆದುಕೊಂಡು ಹೋಗುವಾಗ ಮಾವ ಓಡಾಡುತ್ತ ಹೇಳುತ್ತಿದ್ದರು: "ತಾಮ್ರ ನಮಗೇನೂ ಮಾಡೋದಿಲ್ಲ. ಸಿಗಡಿಗೆ ಮಾತ್ರ ವಿಷ. ಇಷ್ಟೇ ಇಷ್ಟು ನೀರಿಗಿಳಿದರ ಸಾಕು, ಒಂದೂ ಉಳಿಯೋದಿಲ್ಲ." ಕಾಫಿ ಕಿಟಕಿಯಲ್ಲಿಟ್ಟು ಒಳಗೋಡಿದೆ.

ಅಂದಿನಿಂದ ನನಗೂ ಕೂತಲ್ಲಿ ಕೂಡಲಾಗಲಿಲ್ಲ. "ಮಾವ, ಒಂದು ಮಾತಿತ್ತು," ಎಂದು ಎಷ್ಟು ಸಲ ಹಿಂದೆ ಹೋದೆನೋ. "ಹೇಳಮ್ಮ, ಹೇಳು," ಎನ್ನುತ್ತ ಅವರು ಆಗಲೇ ಆಚೆ ಗೋಡೆ ಮುಟ್ಟಿರುತ್ತಿದ್ದರು. ಸಾರಿಗೆ ಉಪ್ಪು ಸಾಲದೇ ಎಂದೋ, ತವರಿಂದ ಕಾಗದ ಬಂತೆಂದೋ ಹೇಳಿ ಹಿಂದಿರುಗುತ್ತಿದ್ದೆ. ಅವರು ನಿಲ್ಲುವುದಿಲ್ಲ ಎಂಬುದು ನೆಪ. ಹೆದರಿದ್ದೆ, ಅಷ್ಟೇ. ಎಲ್ಲಿ ಆ ಬೈಗುಳದ ತೆಲುಗು ನನ್ನ ಮೇಲೆ ಬರುತ್ತದೋ, ಎಲ್ಲಿ ಇವಳು ಮಡಿನೀರು ಹಾಳುಮಾಡಿದಳೆಂದು ಅತ್ತೆ ಊರೆಲ್ಲ ಹೇಳುತ್ತಾರೋ ಎಂಬ ಭಯ. ನಾಳೆ ಹೇಳೋಣ ಎಂದುಕೊಂಡೇ ನಾಲ್ಕು ವರ್ಷ ಕಳೆದೆ. ಮಾವ ಮತ್ತೆ ಸಿಗಡಿ ತರಲಿಲ್ಲ. ಸಂಜೆ ಮಾತ್ರ ಅವರ ನಡಿಗೆ ಬಾಗಿಲ ತನಕ ಬೆಳೆದಿತ್ತು. ಹೊರಗೆ ನೋಡಿ ಹಿಂದಿರುಗುವರು.

ಒಂದು ಮುಂಜಾನೆ ಎದೆನೋವೆಂದು ಕುರ್ಚಿಯಲ್ಲಿ ಕೂತರು. ಡಾಕ್ಟರು ಬರುವಷ್ಟರಲ್ಲಿ ಮುಗಿದಿತ್ತು.

ಸುದ್ದಿ ಕೇಳಿ ಬಸಣ್ಣ ಬಂದರು. ಒಳಗೆ ಬಾರದೆ ಕಟ್ಟೆಯ ಮೇಲೆ ಕೂತರು. ನೀರು ಕೊಡಲು ಹೋದ ನನ್ನನ್ನು ಕೇಳಿದರು: "ಕಡೀಗಾದ್ರೂ ನಂಬಿದ್ನೇನವ್ವ, ನಾ ಔಸದ ಹೊಡಿಸಿಲ್ಲಂತ?"

ಅಲ್ಲೇ ಅವರ ಕಾಲ ಬಳಿ ಕೂತು ಎಲ್ಲ ಹೇಳಿಬಿಟ್ಟೆ. ಹಂಡೆ, ನೀರು, ನಾಲ್ಕು ವರ್ಷದ ನನ್ನ ಹೇಡಿತನ. ಅಳುತ್ತಿದ್ದೆನೆಂದು ಕಾಣುತ್ತದೆ, ಸರಿಯಾಗಿ ನೆನಪಿಲ್ಲ. ಬಸಣ್ಣ ಕೊನೆಯವರೆಗೂ ಕೇಳಿದರು. ಸಿಟ್ಟು ಮಾಡಲಿಲ್ಲ. ನೀರು ಕುಡಿದು ಚೊಂಬು ಕೆಳಗಿಟ್ಟರು.

"ನಾ ಹೊಡಿಸಿಲ್ಲಂತ ನನಗ ಗೊತ್ತಿತ್ತವ್ವ," ಎಂದರು. "ಇದನ್ನ ಅವಗ ಹೇಳಬೇಕಿತ್ತು."