ಬಣ್ಣ ಬೇರೆ, ಖಾರ ಬೇರೆ

"ಏನಮ್ಮಾ, ಖಾರದ ಪುಡಿಗೆ ಬಣ್ಣ ಹಾಕಿದೀಯಾ?"

ವಿಜಯನಗರ ಬಡಾವಣೆಗೆ ಬಂದ ಹದಿನೈದನೆಯ ದಿನ ಮನೆ ಮಾಲೀಕರಾದ ರತ್ನಮ್ಮ ಆಂಟಿ ಬಾಗಿಲಲ್ಲಿ ನಿಂತು ಕೇಳಿದ ಮಾತು ಇದು. ನನಗೆ ಮೈಯೆಲ್ಲ ಉರಿದುಹೋಯಿತು. ಬ್ಯಾಡಗಿ ಮಾರುಕಟ್ಟೆಯಲ್ಲಿ ಅವ್ವನ ಪಕ್ಕ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಲೇ ಬೆಳೆದವಳು ನಾನು. ಗಂಡನ ಕೆಲಸಕ್ಕಾಗಿ ಇಲ್ಲಿಗೆ ಬಂದ ಮೇಲೆ ಖಾರದ ಪುಡಿ ಮಾರಬೇಕೆಂದುಕೊಂಡು ಮೊದಲ ಡಬ್ಬಿಯನ್ನು ಆಂಟಿಗೇ ಕೊಟ್ಟಿದ್ದೆ. ಕಲಬೆರಕೆಯವಳು ಅಂತ ಒಮ್ಮೆ ಹೆಸರು ಬಿದ್ದರೆ ಆ ಬೀದಿಯಲ್ಲಿ ಇನ್ನು ಯಾರು ಕೊಳ್ಳುತ್ತಾರೆ?

ಅವರ ಅನುಮಾನಕ್ಕೂ ಕಾರಣವಿತ್ತು ಅನ್ನಿ. ಇಲ್ಲಿಯವರಿಗೆ ಬ್ಯಾಡಗಿ ಕಾಯಿ ಗೊತ್ತಿಲ್ಲವೆಂದಲ್ಲ. ಆದರೆ ಅದನ್ನು ಬಣ್ಣಕ್ಕೆಂದು ನಾಲ್ಕು ಹಾಕಿ, ಖಾರಕ್ಕೆ ಗುಂಟೂರನ್ನೇ ನಂಬುತ್ತಾರೆ. ಗುಂಟೂರಿನದು ನುಣುಪು ಮೈ, ನೆತ್ತಿಗೇರುವ ಖಾರ. ನಮ್ಮದು ಸುಕ್ಕು ಮೈ, ಕಡುಗೆಂಪು, ಖಾರ ಮಾತ್ರ ಮೆತ್ತಗೆ. ನಮ್ಮೂರಲ್ಲಿ ಅದನ್ನು ಹಿಡಿ ಹಿಡಿಯಾಗಿ ಹಾಕುತ್ತೇವೆ. ಅಷ್ಟು ಕೆಂಪಗಿದ್ದೂ ಖಾರವಿಲ್ಲದ ಪುಡಿಯನ್ನು ಆಂಟಿ ಕಂಡಿರಲಿಲ್ಲ.

"ಬರ್ರಿ ಒಳಗ, ತೋರಸ್ತೀನಿ," ಎಂದೆ.

ಗಾಜಿನ ಲೋಟದ ತಣ್ಣೀರಿಗೆ ಚಿಟಿಕೆ ಪುಡಿ ಉದುರಿಸಿದೆ. ಬಣ್ಣ ಹಾಕಿದ್ದರೆ ಕೆಂಪು ಗೆರೆ ಇಳಿಯಬೇಕಿತ್ತು. ನೀರು ತಿಳಿಯಾಗಿಯೇ ಉಳಿಯಿತು. ಆಮೇಲೆ ಬಿಸಿ ಎಣ್ಣೆಗೆ ಹಾಕಿದೆ, ಕಾಯಿಯ ಸ್ವಂತ ಬಣ್ಣ ಬಿಡುವುದು ಅಲ್ಲೇ. ಎಣ್ಣೆ ಕುಂಕುಮದಂತೆ ಕೆಂಪಾಯಿತು. ಆಂಟಿಯ ಹಿಂದೆಯೇ ಬಂದಿದ್ದ ಅವರ ಯಜಮಾನರು, ನಿವೃತ್ತ ಇತಿಹಾಸ ಮೇಷ್ಟ್ರು, ನಕ್ಕುಬಿಟ್ಟರು. "ಮೊದಲು ನಮಗೆ ಖಾರ ಅಂದ್ರೆ ಕರಿಮೆಣಸೇ ಕಣಮ್ಮಾ. ಈ ಕಾಯನ್ನ ಪೋರ್ಚುಗೀಸರು ಹಡಗಲ್ಲಿ ತಂದ್ರು. ಇದೂ ನಿನ್ನ ಹಾಗೇ ಹೊರಗಿಂದ ಬಂದಿದ್ದು."

"ಅದನ್ನ ಯಾರೂ ಕಲಬೆರಕಿ ಅನ್ಲಿಲ್ಲ ಬಿಡ್ರಿ ಸರ!"

ಆಂಟಿ ಮುಖ ಸಣ್ಣದು ಮಾಡಿಕೊಂಡರು. "ತಪ್ಪಾಯ್ತಮ್ಮಾ. ಆದ್ರೆ ನಮ್ಮ ಬಸ್ಸಾರಿಗೆ ಈ ಖಾರ ಸಾಕಾಗಲ್ಲ. ಅರ್ಧ ಗುಂಟೂರು ಸೇರ್ಸು, ನಾನೇ ನಾಲ್ಕು ಮನೆಗೆ ಹೇಳ್ತೀನಿ."

ಮನಸ್ಸು ಒಪ್ಪಲಿಲ್ಲ. ಆದರೂ ಸೇರಿಸಿದೆ. ಈಗ ಕುರುಬರಹಳ್ಳಿಯಿಂದಲೂ ಹುಡುಕಿಕೊಂಡು ಬರುತ್ತಾರೆ. ಸೊಪ್ಪು, ಕಾಳು ಬೇಯಿಸಿ ಬಸಿದ ಕಟ್ಟಿನಿಂದ ಮಾಡುವ ಬಸ್ಸಾರನ್ನು ನಾನೂ ಕಲಿತೆ, ಮುದ್ದೆ ನುಂಗುವುದನ್ನೂ ಕಲಿತೆ. ಜೋಳದ ರೊಟ್ಟಿ ನೆನೆದು ಒಬ್ಬಳೇ ಅತ್ತ ದಿನಗಳೂ ಇವೆ, ಸುಳ್ಳೇಕೆ ಹೇಳಲಿ.

ಹೋದ ತಿಂಗಳು ಊರಿಗೆ ಹೋಗುವಾಗ ಹೆಮ್ಮೆಯಿಂದ ಒಂದು ಡಬ್ಬಿ ಒಯ್ದೆ. ಅವ್ವ ಪುಡಿಯನ್ನು ಅಂಗೈಗೆ ಸುರಿದುಕೊಂಡು ಬಿಸಿಲಿಗೆ ಹಿಡಿದಳು, ನಾಲಗೆಗೆ ಹಚ್ಚಿಕೊಂಡಳು. ಅವಳ ಕಣ್ಣಲ್ಲಿ ನೀರು ಬಂತು.

"ಬಣ್ಣ ಇಲ್ಲ, ಬರೇ ಬೆಂಕಿ. ಇದಕ್ಕೇನ್ ಕೂಡಿಸೀದಿಯವ್ವಾ?"

ಆಂಟಿಗೆ ನೀರಿನ ಲೋಟ ತೋರಿಸಿ ಗೆದ್ದವಳಿಗೆ ಅವ್ವನಿಗೆ ತೋರಿಸಲು ಏನೂ ಇರಲಿಲ್ಲ. ತಲೆ ತಗ್ಗಿಸಿ ಊಟಕ್ಕೆ ಕೂತೆ. ಅವ್ವನ ಬದನೆಕಾಯಿ ಪಲ್ಯ ಎಂದಿನಂತೆ ಕೆಂಪಗೆ ಹೊಳೆಯುತ್ತಿತ್ತು. ರೊಟ್ಟಿ ಮುರಿದು ಬಾಯಿಗಿಟ್ಟೆ. ಸಪ್ಪೆ ಅನ್ನಿಸಿತು. ಅವ್ವ ನೀರು ತರಲು ಎದ್ದಾಗ, ನನ್ನ ಡಬ್ಬಿಯಿಂದ ಒಂದು ಚಿಟಿಕೆ ತೆಗೆದು ಪಲ್ಯಕ್ಕೆ ಉದುರಿಸಿಕೊಂಡೆ.